ನೆರಳು ಕಾಯುವ ಸೊಸೆ

ಎಲ್ಲರ ಮನೆಯಲ್ಲೂ ಮಾವನವರು ಸೊಸೆಯನ್ನು ಕಾಫಿ ಕೇಳುತ್ತಾರೆ, ಕನ್ನಡಕ ಎಲ್ಲಿಟ್ಟೆ ಎಂದು ಕೇಳುತ್ತಾರೆ, ಹೆಚ್ಚೆಂದರೆ ಇವತ್ತೇನು ಸಾರು ಎಂದು ಕೇಳುತ್ತಾರೆ. ನಮ್ಮ ಮಾವನವರು ನನ್ನನ್ನು ಕೇಳುತ್ತಿದ್ದುದು ನೆರಳು! "ಅಮ್ಮಾ, ನೆರಳು ಎಲ್ಲೀಗಂಟ ಬಂತು?" ಒಂದು ಬೆಳಗಿನಲ್ಲಿ ನಲವತ್ತು ಸಲ. ನಾನು ಎಂ.ಕಾಂ. ಓದಿದವಳು ಸ್ವಾಮಿ. ಮುಂದೊಂದು ದಿನ ನೀನು ಊರಿಗಾಂನ ಹಳೆ ಗೋಡೆಯೊಂದರ ನೆರಳಿಗೆ ಕಾವಲು ನಿಲ್ಲುತ್ತೀ ಎಂದು ಆಗ ಯಾರಾದರೂ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಿಂತಾಗ ಮಾತ್ರ ನಗು ಬರಲಿಲ್ಲ.

ವಿಷಯ ಇಷ್ಟೇ. ಮಾವನವರಿಗೆ ಹಗಲು ಹೊತ್ತಿನಲ್ಲಿ ಚಂದ್ರನ ಫೋಟೊ ತೆಗೆಯಬೇಕು. ಅದೂ ದುಂಡುಚಂದ್ರನಲ್ಲ. ಅಮಾವಾಸ್ಯೆಗೆ ಎರಡು ಮೂರು ದಿನವಿರುವಾಗ ಸವೆದು ಸವೆದು ಒಂದು ಎಳೆ ಉಳಿದಿರುತ್ತಾನಲ್ಲ, ಆ ಚಂದ್ರ. ಬೆಳಿಗ್ಗೆ ಒಂಬತ್ತು ಗಂಟೆಗೆ, ರಣಬಿಸಿಲಿನಲ್ಲಿ, ತಾವೇ ಮಾಡಿದ ಟೆಲಿಸ್ಕೋಪಿನಲ್ಲಿ!

"ಬೆಳಗಿನ ಜಾವ ಐದಕ್ಕೆ ಎದ್ದರೆ ಬರಿಗಣ್ಣಿಗೇ ಕಾಣ್ತಾನಲ್ಲ ಮಾವ, ಆಗ ತೆಗೀರಿ" ಎಂದು ನಾನು ಮೊದಮೊದಲು ಬುದ್ಧಿ ಹೇಳಲು ಹೋಗಿದ್ದೆ.

"ಅದ್ನ ಆಲಿನೋನೂ ನೋಡ್ತಾನೆ, ಪೇಪರಿನೋನೂ ನೋಡ್ತಾನೆ. ಅದ್ರಲ್ಲೇನೈತಮ್ಮಾ?" ಎಂದರು.

ಇದರಲ್ಲಿ ಹೆದರುವಂಥದ್ದೇನಿದೆ ಎಂದು ನೀವು ಕೇಳಬಹುದು. ಇದೆ! ಆ ಎಳೆಚಂದ್ರ ಸೂರ್ಯನ ಪಕ್ಕದಲ್ಲೇ ಇರುತ್ತಾನೆ. ಕೈ ಚಾಚಿ ಮುಷ್ಟಿ ಹಿಡಿದು ಅಳೆದರೆ ಇಬ್ಬರ ನಡುವೆ ಬರೀ ಎರಡೂವರೆ ಮುಷ್ಟಿ, ಮೂರು ಮುಷ್ಟಿ ದೂರ. ಚಂದ್ರನನ್ನು ಹುಡುಕುತ್ತಾ ಹುಡುಕುತ್ತಾ ಕೊಳವೆ ಒಂಚೂರು ಆ ಕಡೆ ತಿರುಗಿ ಸೂರ್ಯ ಒಳಗೆ ಬಿದ್ದನೋ, ರೆಪ್ಪೆ ಮುಚ್ಚುವಷ್ಟರಲ್ಲಿ ನೋಡುವವರ ಕಣ್ಣು ಸುಟ್ಟುಹೋಗುತ್ತದೆ. ಬೇರೆಯವರಿಗಾದರೆ ಇನ್ನೊಂದು ಉಳಿಯುತ್ತದೆ. ನಮ್ಮ ಮಾವನವರಿಗೆ ಇದ್ದದ್ದೇ ಒಂದು! ರಾಬರ್ಟ್‌ಸನ್‌ಪೇಟೆಯಲ್ಲಿ ಸ್ವಂತ ಲೇತ್ ಅಂಗಡಿ ಇಟ್ಟುಕೊಂಡಿದ್ದ ಕಾಲದಲ್ಲಿ ಕಬ್ಬಿಣದ ಚೂರೊಂದು ಹಾರಿ ಎಡಗಣ್ಣನ್ನು ತೆಗೆದುಕೊಂಡು ಹೋಗಿತ್ತು. ಉಳಿದದ್ದು ಬಲಗಣ್ಣು. ಆ ಬಲಗಣ್ಣನ್ನೇ ಇವರು ಸೂರ್ಯನ ಪಕ್ಕಕ್ಕೆ ಒಯ್ದು ಇಡುತ್ತಿದ್ದುದು.

ಅತ್ತೆ ಬೈದು ನೋಡಿದರು, ಅತ್ತು ನೋಡಿದರು, ಎರಡು ದಿನ ಮಾತು ಬಿಟ್ಟು ನೋಡಿದರು. ಮಾತು ಬಿಟ್ಟಿದ್ದು ಮಾವನವರಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. "ನೋಡಮ್ಮಿ, ಗ್ಯಾಸ್ ಆಫ್ ಮಾಡಿದ್ನಾ ಅಂತ ಮೂರ್ ಮೂರ್ ಸಲ ಎದ್ದೋಗಿ ನೋಡೋಳು ನೀನು. ಈ ಕೆಲ್ಸಕ್ಕೆ ನಿನ್ನಂಗೆ ಎದ್ರೋರೇ ಬೇಕು. ನಿನ್ ಗಂಡ ಫ್ಯಾಕ್ಟ್ರಿಗೆ ಓದ್ರೆ ಮನೆ ನೆಪ್ಪಿರಲ್ಲ ಅವ್ನಿಗೆ. ಆ ಒಂದ್ ಕಣ್ಣು ಇವತ್ತಿಂದ ನಿನ್ ಕೈಲಿ ಕೊಟ್ಟಿದೀನಿ. ಅದೇನಾರಾ ಆಯ್ತೋ, ನಾನು ಬದ್ಕಿರಲ್ಲ."

ಹೆದರುವವಳಿಗೆ ಹೀಗೆ ಹೇಳಬಹುದೇ? ನನ್ನ ರಕ್ತದೊತ್ತಡ ಆಗ ಏರಿದ್ದು ಮತ್ತೆ ಇಳಿಯಲೇ ಇಲ್ಲ.

ಟೆಲಿಸ್ಕೋಪು ಹುಟ್ಟಿದ ಕಥೆಯನ್ನೂ ಹೇಳಿಬಿಡುತ್ತೇನೆ. ಅಂಗಡಿ ಮುಚ್ಚಿದ ಮೇಲೆ ಮಾವನವರು ತಟ್ಟೆಯಗಲದ ಎರಡು ದಪ್ಪ ಗಾಜುಗಳನ್ನು ತರಿಸಿದರು. ವರಾಂಡದಲ್ಲಿ ಒಂದು ಡ್ರಮ್ಮು ನಿಲ್ಲಿಸಿ, ಅದರ ಮೇಲೆ ಗಾಜಿನ ಮೇಲೆ ಗಾಜಿಟ್ಟು, ಪುಡಿ ಹಾಕಿ ಉಜ್ಜುತ್ತಾ ಡ್ರಮ್ಮಿನ ಸುತ್ತ ಸುತ್ತತೊಡಗಿದರು. ಹಾಗೆ ಉಜ್ಜಿದರೆ ಗಾಜು ಮಧ್ಯದಲ್ಲಿ ಗುಳಿ ಬಿದ್ದು ದೂರದ್ದನ್ನು ಹತ್ತಿರ ತೋರಿಸುವ ಕನ್ನಡಿ ಆಗುತ್ತದಂತೆ. ನಾಲ್ಕು ತಿಂಗಳು ಸುತ್ತಿದರು! ದೇವರಿಗೆ ಅಷ್ಟು ಪ್ರದಕ್ಷಿಣೆ ಹಾಕಿದ್ದರೆ ದೇವರೇ ಬಂದು ಸಾಕು ಮಾಡಪ್ಪಾ ಎನ್ನುತ್ತಿದ್ದ ಎಂದು ಅತ್ತೆ ಹೇಳುತ್ತಿದ್ದರು.

ಕೊನೆಯ ಹಂತದಲ್ಲಿ ಹೊಳಪು ಕೊಡಲು ಒಂದು ಕೆಂಪು ಪುಡಿ ಬಂತು. ನೋಡಲು ಅಪ್ಪಟ ಕುಂಕುಮ. ಅದನ್ನು ಈ ಮಹಾನುಭಾವರು ಹಾಕಿಟ್ಟದ್ದು ಕುಂಕುಮದ ಭರಣಿಯಂಥದೇ ಸ್ಟೀಲ್ ಡಬ್ಬಿಯಲ್ಲಿ, ದೇವರ ಗೂಡಿನ ಪಕ್ಕದಲ್ಲಿ! ಶುಕ್ರವಾರ ಎದುರುಮನೆ ಅಕ್ಕ ಬಂದರು. ಅವರ ಮನೆಮಾತು ತಮಿಳು. ಅವರ ತಾತನ ಕಾಲದಿಂದಲೂ ಊರಿಗಾಂನ ಗಣಿ ಕಾರ್ಮಿಕರ ಲೈನಿನಲ್ಲೇ ಇರುವವರು. ಅತ್ತೆ ಭಕ್ತಿಯಿಂದ ಡಬ್ಬಿ ಚಾಚಿದರು, ಅವರೂ ಭಕ್ತಿಯಿಂದಲೇ ಹಣೆಗೆ, ಬೈತಲೆಗೆ ಧಾರಾಳವಾಗಿ ಹಚ್ಚಿಕೊಂಡರು. ಮೂರು ದಿನ ಉಜ್ಜಿದರೂ ಹೋಗಲಿಲ್ಲ. "ಎನ್ನಕ್ಕಾ ಇದು, ಸೋಪು ಮುಗೀತು, ಕುಂಕುಮ ಮುಗೀಲಿಲ್ಲ" ಎಂದು ಅವರು ಹಣೆ ತೋರಿಸಿದಾಗ ನಾನೂ ಅತ್ತೆಯೂ ನಾಚಿಕೆಯಿಂದ ಸತ್ತೇಹೋದೆವು. ಮಾವನವರು ಒಳಗಿನಿಂದ ಓಡಿಬಂದರು. ಕ್ಷಮೆ ಕೇಳಲು ಎಂದುಕೊಂಡಿರಾ?

"ಎಷ್ಟು ಪುಡಿ ಓಯ್ತು?" ಎಂದು ಕೇಳಿದರು.

ಇನ್ನು ಕಾವಲಿನ ಕ್ರಮ. ನಮ್ಮ ಮನೆಯೆದುರಿಗೆ, ಓಣಿಯ ಆಚೆ, ಸೂರು ಹಾರಿಹೋದ ಹಳೆ ಗೋದಾಮಿನ ಎತ್ತರದ ಕಲ್ಲುಗೋಡೆ ಇದೆ. ಬೆಳಗಿನ ಸೂರ್ಯ ಆ ಗೋಡೆಯ ಹಿಂದೆ ಇರುತ್ತಾನೆ. ಚಂದ್ರ ಸೂರ್ಯನಿಗಿಂತ ಮುಂಚೆ ಹುಟ್ಟಿದವನಾದ್ದರಿಂದ ಗೋಡೆಯ ಮೇಲಕ್ಕೆ ಬಂದಿರುತ್ತಾನೆ. ಗೋಡೆಯ ನೆರಳಿನಲ್ಲಿ ಟೆಲಿಸ್ಕೋಪು ಇಟ್ಟರೆ ಚಂದ್ರ ಸಿಗುತ್ತಾನೆ, ಸೂರ್ಯ ಸಿಗುವುದಿಲ್ಲ. ಎಷ್ಟು ಬುದ್ಧಿವಂತಿಕೆ! ಆದರೆ ಸೂರ್ಯ ಸುಮ್ಮನೆ ನಿಲ್ಲುತ್ತಾನೆಯೇ? ಏರುತ್ತಲೇ ಇರುತ್ತಾನೆ, ನೆರಳು ಗೋಡೆಯ ಕಡೆಗೆ ಸರಿಯುತ್ತಲೇ ಇರುತ್ತದೆ. ಮಾವನವರು ಟೆಲಿಸ್ಕೋಪಿನಿಂದ ಮೂರು ಹೆಜ್ಜೆ ಈಚೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ನೆರಳಿನ ಅಂಚು ಆ ಗೆರೆಯನ್ನು ಮುಟ್ಟಿದ ಕೂಡಲೇ ಅವರು ಕಣ್ಣು ತೆಗೆಯಬೇಕು, ಟೆಲಿಸ್ಕೋಪನ್ನು ಗೋಡೆಯ ಹತ್ತಿರಕ್ಕೆ ಜರುಗಿಸಬೇಕು. ಗೆರೆ ನೋಡುವುದು ನನ್ನ ಕೆಲಸ. ನೆರಳಿನ ಒಳಗೆ ನಿಂತರೆ ನನ್ನ ನೆರಳಿಗೂ ಗೋಡೆಯ ನೆರಳಿಗೂ ಗೊಂದಲವಾಗುತ್ತದೆ ಎಂದು ನನ್ನನ್ನು ನೆರಳಿನಿಂದ ಹೊರಗೆ, ಅಂಚು ನೆಟ್ಟಗೆ ಕಾಣುವ ಕಡೆ ನಿಲ್ಲಿಸುತ್ತಿದ್ದರು.

ಅಂಚು ಮುಟ್ಟಿದರೆ "ಮಾವ!" ಎಂದು ಕೂಗಿದರೆ ಸಾಕಲ್ಲವೇ? ಸಾಲದು! ಅವರ ತಂದೆ ಚಾಂಪಿಯನ್ ರೀಫ್ಸ್‌ನ ಗಣಿಬಾಯಿಯಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದವರು. ಆಳುಗಳನ್ನು ತುಂಬಿಕೊಂಡು ಪಾತಾಳಕ್ಕೆ ಇಳಿಯುವ ಪಂಜರ ಅವರ ಗಂಟೆಯ ಲೆಕ್ಕದ ಮೇಲೆ ನಿಲ್ಲಬೇಕು, ಏರಬೇಕು, ಇಳಿಯಬೇಕು. "ಕೂಗಿದ್ರೆ ಒಬ್ಬೊಬ್ರಿಗೆ ಒಂದೊಂದ್ ಥರ ಕೇಳ್ತದಮ್ಮಾ. ಗಂಟೆ ಎಲ್ರಿಗೂ ಒಂದೇ ಥರ. ಒಂದು ಒಡೆದ್ರೆ ನಿಲ್ಸು. ಇವ್ರು ಒಡೆದ್ಮೇಲೆ ಆ ಕಡೆಯೋರು ಅಷ್ಟೇ ಸಲ ತಿರುಗ್ ಒಡೀಬೇಕು, ಕೇಳಿಸ್ತು ಅಂತ. ಅದಿಲ್ದೆ ಅಲ್ಲಿ ಒಂದು ಉಲ್ಲುಕಡ್ಡೀನೂ ಅಲ್ಲಾಡ್ತಿರ್ಲಿಲ್ಲ" ಎಂದು ನನಗೆ ಪಾಠ ಮಾಡಿದರು. ಹೀಗೆ ನನ್ನ ಕೈಗೆ ಊಟದ ತಟ್ಟೆಯೂ ಸೌಟೂ ಬಂದವು. ನೆರಳು ಗೆರೆ ಮುಟ್ಟಿದರೆ ನಾನು ಠಣ್ ಎಂದು ಒಂದು. ಅವರು ಸ್ಪ್ಯಾನರಿನಿಂದ ಟೆಲಿಸ್ಕೋಪಿನ ಕಬ್ಬಿಣದ ಕಾಲಿಗೆ ಠಕ್ ಎಂದು ಒಂದು. ಮತ್ತೆ ನೋಡಬಹುದು ಎನ್ನಲು ನಾನು ಎರಡು. ಅವರೂ ಎರಡು. ನಾನು ಹೊಡೆದ ಮೇಲೆ ಅವರ ಠಕ್ ಬರುವವರೆಗೆ ಸೌಟನ್ನು ಕೆಳಗಿಳಿಸುತ್ತಿರಲಿಲ್ಲ.

ಲೈನಿನವರಿಗೆಲ್ಲ ಇದೊಂದು ದೊಡ್ಡ ಒಗಟಾಯಿತು. "ಏನಕ್ಕಾ, ಅಮಾವಾಸ್ಯೆ ಬಂದ್ರೆ ಮೂರು ದಿನ ಮುಂಚೆಯಿಂದ ಪೂಜೆ ಜೋರು! ಪ್ರಸಾದಂ ಮಾತ್ರ ಈ ಕಡೆ ಬರಲೇ ಇಲ್ಲ" ಎಂದರು ಎದುರುಮನೆ ಅಕ್ಕ. ಹಣೆಯ ಋಣವೊಂದು ಇತ್ತಲ್ಲ, ಅಂದಿನಿಂದ ಅಮಾವಾಸ್ಯೆಯ ಹಿಂದುಮುಂದು ಅವರ ಮನೆಗೆ ಕೇಸರಿಭಾತು ಕಳಿಸುವುದನ್ನು ಶುರು ಮಾಡಿದೆವು.

ಇಷ್ಟೆಲ್ಲ ಮಾಡಿ ಫೋಟೊ ಹೇಗೆ ಬರುತ್ತಿತ್ತು ಎಂದು ಕೇಳುತ್ತೀರಾ? ಕೇಳಬೇಡಿ. ಟೆಲಿಸ್ಕೋಪಿನ ಕಣ್ಣಿಗೆ ಮೊಬೈಲನ್ನು ತಾವೇ ಮಾಡಿದ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಪಟಪಟನೆ ತೆಗೆಯುತ್ತಿದ್ದರು. ನಾಲ್ಕೈದು ಅಮಾವಾಸ್ಯೆ ಕಳೆಯುವಷ್ಟರಲ್ಲಿ ಮೊಬೈಲು ತುಂಬ ಬಿಳಿ ಫೋಟೊಗಳು. ತಿಳಿನೀಲಿ ಬಿಳಿ, ಬೂದು ಬಿಳಿ, ಬರೀ ಬಿಳಿ. ಮಾವನವರು ಪ್ರತಿಯೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಿ, "ಇದ್ರಲ್ಲಿ ಬಂದಂಗೈತೆ, ನೋಡಮ್ಮಾ" ಎನ್ನುತ್ತಿದ್ದರು. ಅತ್ತೆ ಒಂದನ್ನು ಬಹಳ ಹೊತ್ತು ನೋಡಿ, "ಸುಣ್ಣ ಚೆನ್ನಾಗಿ ಒಡೆದವ್ರೆ. ಯಾರ ಮನೆ ಗೋಡೆ?" ಎಂದರು. ಮಾವನವರಿಗೆ ಸಿಟ್ಟು ಬಂತು. ಚಂದ್ರ ಸಿಗದಿರುವುದಕ್ಕೆ ಗೋಡೆ ಗಿಡ್ಡವಾಗಿರುವುದೇ ಕಾರಣ, ಎತ್ತರದ ಗೋಡೆಯಾದರೆ ಹುಡುಕಲು ಇನ್ನೂ ಒಂದು ಗಂಟೆ ಹೆಚ್ಚು ಸಿಗುತ್ತದೆ ಎಂದು ತೀರ್ಮಾನಿಸಿದರು.

ಎತ್ತರದ ಗೋಡೆ ಇದ್ದದ್ದು ಬಂಗಾರಪೇಟೆಯಲ್ಲಿ, ಅತ್ತೆಯ ತಮ್ಮನ ರೈಸ್ ಮಿಲ್ಲಿನಲ್ಲಿ. ಒಂದು ಭಾನುವಾರ, ಅಮಾವಾಸ್ಯೆಗೆ ಎರಡೇ ದಿನ ಇರುವಾಗ, ಬೆಳಗಿನ ರೈಲಿಗೆ ನಾವಿಬ್ಬರೂ ಹೊರಟೆವು. ಟೆಲಿಸ್ಕೋಪಿಗೆ ಅತ್ತೆಯ ಹಳೆ ಸೀರೆ ಸುತ್ತಿದ್ದೆವು. ಅದನ್ನು ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿ ನಾವು ನಿಂತಿದ್ದೆವು. ಸೊಪ್ಪಿನ ಮಂಕರಿಯ ಪಕ್ಕ ಕುಳಿತಿದ್ದ ಯಜಮಾನರೊಬ್ಬರಿಗೆ ತಡೆಯಲಾಗಲಿಲ್ಲ.

"ಏನ್ ಸಾಮೀ ಇದು, ಬೋರ್‌ವೆಲ್ ಪೈಪಾ?"

"ಅಲ್ಲಪ್ಪಾ, ಇದ್ರಲ್ಲಿ ಆಕಾಶದಾಗಿರೋ ಚಂದ್ರ ಪಕ್ಕದಾಗೇ ಇದ್ದಂಗೆ ಕಾಣ್ತಾನೆ."

"ಚಂದ್ರ ಇರ್ಲಿ ಬುಡಿ. ತಿರುಗಿಸಿ ಇಡ್ಕೊಂಡ್ರೆ ನೀರು ಎಷ್ಟಡಿಗೈತೆ ಅಂತ ಕಾಣ್ತದಾ?"

ಇಡೀ ಬೋಗಿ ನಕ್ಕಿತು, ಮಾವನವರೂ ನಕ್ಕರು. ನಾನು ನಗಲಿಲ್ಲ. ಸೂರ್ಯ ಆಗಲೇ ಕಿಟಕಿಯಲ್ಲಿ ಜೊತೆಜೊತೆಗೇ ಬರುತ್ತಿದ್ದ. ಇಳಿಯುವಾಗ ಮಾವನವರು ಮೆಟ್ಟಿಲು ಸಿಗದೆ ಮುಗ್ಗರಿಸಿದರು, ನಾನು ತೋಳು ಹಿಡಿದುಕೊಂಡೆ. ಕೈಯಲ್ಲಿ ಭಾರವಿತ್ತಲ್ಲ, ಅದಕ್ಕೇ ಎಂದುಕೊಂಡೆ. ಎಲ್ಲದಕ್ಕೂ ಹೆದರುವ ನಾನು ಹೆದರಬೇಕಾದದ್ದಕ್ಕೆ ಹೆದರಲಿಲ್ಲ ನೋಡಿ!

ಮಿಲ್ಲಿನ ಗೋಡೆ ನಿಜಕ್ಕೂ ಭವ್ಯವಾಗಿತ್ತು. ನೆರಳು ಅಂಗಳದ ಅರ್ಧದವರೆಗೆ ತಣ್ಣಗೆ ಹಾಸಿತ್ತು. ಗೆರೆ ಎಳೆದರು, ತಟ್ಟೆ ಸೌಟು ತೆಗೆದುಕೊಂಡು ನಾನು ನನ್ನ ಜಾಗಕ್ಕೆ ಹೋದೆ. ಠಣ್ ಠಣ್. ಠಕ್ ಠಕ್. ಎಲ್ಲ ಕ್ರಮವಾಗಿ ನಡೆಯಿತು. ಒಂದು ಗಂಟೆ ಆಯಿತು, ಚಂದ್ರನ ಸುಳಿವಿಲ್ಲ. ಎರಡು ಸಲ ಜಾಗ ಬದಲಾಯಿಸಿದೆವು. ಮೂರನೆಯ ಸಲ ನೆರಳು ಗೆರೆಗೆ ಇನ್ನೊಂದು ಗೇಣು ಇರುವಾಗ ಒಳಗಿನಿಂದ ಅತ್ತೆಯ ತಮ್ಮ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ಭಾನುವಾರ ಮಿಲ್ಲಿಗೆ ರಜ. ಆದರೆ ಮದುವೆ ಮನೆಯವರು ಗಾಡಿಯ ತುಂಬ ಭತ್ತ ತಂದು ಕೈಮುಗಿದರೆ ಏನು ಮಾಡುತ್ತಾರೆ, ಪಾಪ? ಮಿಲ್ಲು ಶುರು ಮಾಡಿಬಿಟ್ಟರು!

ನೆಲ ನಡುಗುವಂಥ ಸದ್ದು. ನೆರಳು ಗೆರೆ ಮುಟ್ಟಿತು. ನಾನು ಠಣ್ ಎಂದು ಹೊಡೆದೆ. ನಾನು ಹೊಡೆದದ್ದು ನನಗೇ ಕೇಳಲಿಲ್ಲ! ಮತ್ತೆ ಹೊಡೆದೆ, ಸೌಟು ಬಗ್ಗಿತು. "ಮಾವ! ಕಣ್ಣು! ಕಣ್ಣು ತೆಗೀರಿ!" ಕೂಗಿದೆ, ಕುಣಿದೆ. ಮಾವನವರು ಅತ್ತ ತಿರುಗಿ, ಕಣ್ಣನ್ನು ಅಲ್ಲೇ ಅಂಟಿಸಿಕೊಂಡು, ಕೊಳವೆಯನ್ನು ನಿಧಾನವಾಗಿ, ಒಂಚೂರು ಒಂಚೂರೇ, ಗೋಡೆಯ ತುದಿಯ ಕಡೆಗೇ ತಿರುಗಿಸುತ್ತಿದ್ದರು. ಗೋಡೆಯ ತುದಿಯಲ್ಲಿ ಸೂರ್ಯ ಇಣುಕಿದ. ಕೊಳವೆಯ ಬಾಯಿ ಫಳಕ್ಕೆಂದು ಹೊಳೆಯಿತು.

ಹೇಗೆ ಓಡಿದೆನೋ ಗೊತ್ತಿಲ್ಲ. ತಟ್ಟೆ ಎಲ್ಲಿ ಬಿತ್ತೋ ತಿಳಿಯದು. ಸೆರಗನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಕೊಳವೆಯ ಬಾಯಿಗೆ ಒತ್ತಿ, ಅದನ್ನು ತಬ್ಬಿಕೊಂಡೇ ಬಿದ್ದೆ. ಮಾವನವರು ಅತ್ತ, ನಾನು ಇತ್ತ, ಮಧ್ಯೆ ಟೆಲಿಸ್ಕೋಪು. ಎದ್ದವಳೇ ಅವರ ಮುಖವನ್ನು ಹಿಡಿದುಕೊಂಡೆ. ಸೊಸೆ ಮಾವನ ಮುಖ ಹಿಡಿಯುವುದು ನಮ್ಮಲ್ಲಿ ಉಂಟೇ? ಆಗ ಅದೆಲ್ಲ ನೆನಪಿಗೆ ಬರಲಿಲ್ಲ. "ಕಾಣ್ತಿದ್ಯಾ ಮಾವ? ನಾನು ಕಾಣ್ತಿದೀನಾ? ಇದು ಎಷ್ಟು ಬೆರಳು? ಹೇಳಿ!"

ಒಳಗೆ ಮಿಲ್ಲು ಒಂದು ಕ್ಷಣ ನಿಂತಿತು, ಯಾರೋ ಹೊಸ ಮೂಟೆ ಸುರಿಯುತ್ತಿದ್ದರೇನೋ.

"ಎಷ್ಟಮ್ಮಾ?" ಎಂದರು ಮಾವನವರು.

"ಸುಟ್ಟೋಯ್ತಾ ಮಾವ?"

"ಇಲ್ಲ ಕಣಮ್ಮಾ. ಎದರ್ಬೇಡ. ಈಗ ಆಗಿದ್ದಲ್ಲ. ಸಂಕ್ರಾಂತಿ ಕಳೆದ್ಮೇಲಿಂದ ಇಂಗೇ." ಅಂಗಳದಲ್ಲೇ ಕುಳಿತುಕೊಂಡು ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದರು. "ಪೊರೆ ಬಂದೈತಂತೆ. ಇದೇ ಊರಿನ ಡಾಕ್ಟ್ರಿಗೆ ತೋರ್ಸಿದ್ದೆ, ನಿಮ್ಮತ್ತೆಗೆ ಏಳ್ದೇ ಬಂದು. ಆಪರೇಸನ್ ಮಾಡ್ಬೇಕು ಅಂದ್ರು. ಇರೋದೊಂದು. ಸರಿಯಾದ್ರೆ ಸರಿ. ಆಗ್ದೇ ಓದ್ರೆ? ಅದ್ಕೇ ಬ್ಯಾಡ ಅಂತ ಎದ್ದು ಬಂದ್ಬುಟ್ಟೆ. ಕಣ್ಣು ಓಗೋಕ್ ಮುಂಚೆ ಒಂದ್ಸಲ, ಯಾರೂ ನೋಡ್ದೇ ಇರೋ ಒತ್ತಲ್ಲಿ ಅವ್ನನ್ನ ಇಡೀಬೇಕು ಅಂತ ಆಸೆ. ಅಷ್ಟೇ ಕಣಮ್ಮಾ."

ಅಂದರೆ ಇಷ್ಟು ದಿನ ಆ ಕೊಳವೆಯಲ್ಲಿ ಇವರಿಗೆ ಏನೂ ಕಾಣುತ್ತಲೇ ಇರಲಿಲ್ಲ! ಬಿಳಿ ಬಿಟ್ಟರೆ ಬೇರೇನೂ ಇಲ್ಲ. ಫೋಟೊಗಳೆಲ್ಲ ಸುಣ್ಣದ ಗೋಡೆಯಾಗಿದ್ದು ಮಸುಕು ಕಣ್ಣಿನಲ್ಲಿ ಹೊಂದಿಸಿದ್ದರಿಂದ. ನನಗೆ ಕೋಪ ಬಂತು. ಮಾವನವರ ಮೇಲೆ ಹಾಗೆ ಎಂದೂ ಬಂದಿರಲಿಲ್ಲ. ಟೆಲಿಸ್ಕೋಪನ್ನು ಎತ್ತಿ ಗೋಡೆಯ ಕಡೆಗೆ, ಗಟ್ಟಿ ನೆರಳಿಗೆ ತಂದು ನಿಲ್ಲಿಸಿದೆ. "ಎಷ್ಟು ಎತ್ತರ, ಎಷ್ಟು ಬಲಕ್ಕೆ ಹೇಳಿ. ನಾನು ನೋಡ್ತೀನಿ" ಎಂದೆ.

ಅವರ ಲೆಕ್ಕ ಒಂದು ನೂಲೂ ತಪ್ಪಿರಲಿಲ್ಲ. ಅವರು ಹೇಳಿದಂತೆ ತಿರುಗಿಸಿ, ಹೇಳಿದಂತೆ ತಿರುಪು ಹೊಂದಿಸುತ್ತಾ ಹೋದೆ. ಕಾಲು ಗಂಟೆ ಬರೀ ನೀಲಿ. ಆಮೇಲೆ ಆ ನೀಲಿಯೊಳಗೆ, ಅದಕ್ಕಿಂತ ಒಂದೇ ಒಂದು ಚೂರು ಬೆಳ್ಳಗೆ, ಬಾಗಿದ ಒಂದು ಗೀರು. ಒಳ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳು. ನಮ್ಮ ತಲೆಯ ಮೇಲೆ ದಿನಾ ಇಷ್ಟು ಸುಮ್ಮನೆ ಹಾದುಹೋಗುತ್ತಾನೆಯೇ ಇವನು ಎಂದು ನನ್ನ ಕಣ್ಣಲ್ಲಿ ನೀರು ಬಂತು. ಮೊಬೈಲು ಸಿಕ್ಕಿಸಿ ಫೋಟೊ ತೆಗೆದೆ.

"ಸಿಕ್ಕಿದ್ನಾ?" ಮಾವನವರು ಎದ್ದೇಬಿಟ್ಟರು. "ಎಂಗವ್ನೆ? ಏಳಮ್ಮಾ, ಎಂಗವ್ನೆ?"

"ಹೇಳಲ್ಲ" ಎಂದೆ.

"ಏನಮ್ಮಾ ಇಂಗಂತೀಯಾ?"

"ಹೇಳಲ್ಲ ಅಂದ್ರೆ ಹೇಳಲ್ಲ. ಆಪರೇಷನ್ ಮಾಡಿಸ್ಕೊಂಡು ನೀವೇ ನೋಡಿ. ಹೆದರ್ಕೊಂಡು ಕೂತ್ಕೊಳ್ಳೋದಾದ್ರೆ ಈ ಫೋಟೊ ಈಗಲೇ ಅಳಿಸಿಬಿಡ್ತೀನಿ!"

ಹಾಗೆಂದವಳು ಮೊಬೈಲನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದೆ. ಅವರಿಗೆ ಅದು ಕಾಣುತ್ತಿರಲಿಲ್ಲವಾದ್ದರಿಂದ ಅವರು ನನ್ನನ್ನು ದೊಡ್ಡ ಧೈರ್ಯಸ್ಥೆ ಎಂದುಕೊಂಡಿರಬೇಕು. ಸ್ಪ್ಯಾನರನ್ನು ಜೇಬಿಗಿಳಿಸಿ, "ಅಳಿಸ್ಬೇಡ ತಾಯಿ" ಎಂದರು.

ಆಮೇಲಿನ ಹತ್ತು ದಿನ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ. ಒಪ್ಪಿಸಿದವಳು ನಾನು. ಹೆಚ್ಚುಕಡಿಮೆಯಾದರೆ ಆ ಕತ್ತಲೆಗೆ ಹೊಣೆಯೂ ನಾನೇ. ಅತ್ತೆ ಮಾತ್ರ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದಾಗ ನನ್ನ ಗಂಡ "ಇಪ್ಪತ್ತು ನಿಮಿಷದ ಕೆಲಸ ಕಣೇ" ಎಂದರು. ಆ ಇಪ್ಪತ್ತು ನಿಮಿಷ ನಾನು ಕಾರಿಡಾರಿನಲ್ಲಿ ಎಷ್ಟು ಸಲ ಹಿಂದೆ ಮುಂದೆ ನಡೆದೆನೋ ನನಗೇ ತಿಳಿಯದು.

ಮರುದಿನ ಬೆಳಿಗ್ಗೆ ಕಟ್ಟು ಬಿಚ್ಚುವಾಗ ನಾವೆಲ್ಲ ಸುತ್ತ ನಿಂತಿದ್ದೆವು. ಅತ್ತೆ ಚಂದ್ರನ ಫೋಟೊ ತೆರೆದ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರ ಮುಖದೆದುರಿಗೆ ಕಾಯುತ್ತಿದ್ದರು. ಡಾಕ್ಟರು ಹತ್ತಿ ತೆಗೆದರು. "ನಿಧಾನವಾಗಿ ಬಿಡಿ" ಎಂದರು. ಮಾವನವರು ಕಣ್ಣು ಬಿಟ್ಟರು, ಮುಚ್ಚಿದರು, ಮತ್ತೆ ಬಿಟ್ಟರು. ಅತ್ತೆಯನ್ನು ನೋಡಿದರು, ಮಗನನ್ನು ನೋಡಿದರು.

"ಇಗಳ್ಳಿ, ನಿಮ್ ಚಂದ್ರ" ಎಂದು ಅತ್ತೆ ಮೊಬೈಲನ್ನು ಇನ್ನೂ ಹತ್ತಿರಕ್ಕೆ ಚಾಚಿದರು.

ಮಾವನವರು ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದ ನನ್ನನ್ನು ನೋಡುತ್ತಲೇ ಉಳಿದರು. ಆಗತಾನೆ ಬಂದ ಆ ಒಂದೇ ಕಣ್ಣಿನಲ್ಲಿ ನೀರು ತುಂಬತೊಡಗಿತು. ಡಾಕ್ಟರು ಗದರಿದರೂ ನಿಲ್ಲಲಿಲ್ಲ.

"ಮುಖ ಎಲ್ಲಾ ಇಂಗೆ ಸುಟ್ಟೋಗೈತಲ್ಲಮ್ಮಾ" ಎಂದರು. "ಇಷ್ಟು ದಿನ ನಿನ್ನ ಬಿಸಿಲಲ್ಲಿ ನಿಲ್ಸಿದ್ನಾ ನಾನು?"